ಜನಾಝದ ಸಾಲಿನಲ್ಲಿರುವವರು ನೀರಿನ ದಡದಲ್ಲಿ ಏಕಿಲ್ಲ?

ನೀರಿನಲ್ಲಿ ಮುಳುಗಿ ತೀರಿಕೊಂಡ ಮಗುವಿನ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದು ನಮಗೆಲ್ಲ ಬಾಯಿಪಾಠವಾಗಿದೆ. ಮೊದಲು ಫೋನು ಬರುತ್ತದೆ. ಹೊಳೆಯ ದಡದಲ್ಲಿ ಜನ ಸೇರುತ್ತಾರೆ. ಮಲ್ಪೆಯಿಂದಲೋ ಕಾಪುವಿನಿಂದಲೋ ಮುಳುಗುತಜ್ಞರು ಬಂದು ತಲುಪುವ ತನಕ ನೂರಾರು ಮಂದಿ ಕೈಕಟ್ಟಿ ನಿಲ್ಲುತ್ತಾರೆ. ಮರುದಿನ ಮಸೀದಿಯ ಅಂಗಳ ತುಂಬುವಷ್ಟು ಜನ ಜನಾಝ ನಮಾಝ್‌ಗೆ ಸಾಲು ನಿಲ್ಲುತ್ತಾರೆ. ನೀರಿನಲ್ಲಿ ಮುಳುಗಿ ಮೃತಪಟ್ಟವರಿಗೆ ಹುತಾತ್ಮರ ಪ್ರತಿಫಲವಿದೆ ಎಂಬ ಹದೀಸನ್ನು ಖತೀಬರು ನೆನಪಿಸುತ್ತಾರೆ. ‘ಎಲ್ಲವೂ ಅಲ್ಲಾಹನ ವಿಧಿ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ತಂದೆ ತಲೆಯಾಡಿಸುತ್ತಾರೆ. ಮೂರು ದಿನ ಕಳೆಯುವುದರೊಳಗೆ ಎಲ್ಲರೂ ತಂತಮ್ಮ ಅಂಗಡಿಗಳಿಗೆ ಮರಳುತ್ತಾರೆ. ಮುಂದಿನ ಮಳೆಗಾಲಕ್ಕೆ ಇನ್ನೊಂದು ಮನೆಗೆ ಫೋನು ಬರುತ್ತದೆ.

ಇಂತಹ ಸಾಲುಗಳಲ್ಲಿ ನಾವೂ ನಿಂತಿದ್ದೇವೆ. ತಲೆಯಾಡಿಸುವವರ ಜೊತೆ ನಾವೂ ತಲೆಯಾಡಿಸಿದ್ದೇವೆ. ಆದ್ದರಿಂದ ಈ ಬರಹ ಇತರರ ಮೇಲಿನ ಆರೋಪಪಟ್ಟಿಯಲ್ಲ. ಆದರೆ ಒಂದು ಪ್ರಶ್ನೆಯನ್ನು ಇನ್ನು ಮುಂದೂಡುವಂತಿಲ್ಲ: ಜನಾಝಕ್ಕೆ ಅಷ್ಟು ಮಂದಿ ಬರುವ ಸಮುದಾಯದಲ್ಲಿ, ಆ ಮಗುವಿಗೆ ನೀರಿನಲ್ಲಿ ಒಂದು ನಿಮಿಷ ತೇಲುವುದನ್ನು ಕಲಿಸಲು ಒಬ್ಬರಿಗೂ ಏಕೆ ಬಿಡುವಿರಲಿಲ್ಲ?

ನಿಟ್ಟೆಯಲ್ಲಿ ನಿಂತು ಸುತ್ತ ನೋಡಿ. ಒಂದು ದಿಕ್ಕಿಗೆ ಕಾರ್ಕಳದ ಆನೆಕೆರೆ, ರಾಮಸಮುದ್ರ. ಇನ್ನೊಂದು ದಿಕ್ಕಿಗೆ ಮುಂಡ್ಕೂರು, ಸಂಕಲಕರಿಯದತ್ತ ಹರಿಯುವ ಶಾಂಭವಿ ನದಿ. ಬೆಳ್ಮಣ್ ದಾಟಿ ಹೋದರೆ ಪಡುಬಿದ್ರಿಯ ಕಡಲು. ನಡುವೆ ಲೆಕ್ಕವಿಲ್ಲದಷ್ಟು ಮದಗಗಳು, ಕಿಂಡಿ ಅಣೆಕಟ್ಟುಗಳು, ತೋಟದ ಕೆರೆಗಳು, ಕಟ್ಟೆಯಿಲ್ಲದ ಬಾವಿಗಳು. ಇವೆಲ್ಲಕ್ಕಿಂತ ಅಪಾಯಕಾರಿಯಾದ, ಕಲ್ಲು ತೆಗೆದು ಹಾಗೆಯೇ ಬಿಟ್ಟ ಕೋರೆಗಳು ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಿದು. ಇಲ್ಲಿ ನೀರಿನಿಂದ ದೂರವಿರುವ ಮನೆ ಎಂಬುದೇ ಇಲ್ಲ. ಹೀಗಿದ್ದೂ ‘ನೀರಿನ ಹತ್ತಿರ ಹೋಗಬೇಡ’ ಎಂಬ ಒಂದೇ ಪಾಠವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಹೋಗದೆ ಇರಲು ಸಾಧ್ಯವೇ ಇಲ್ಲದ ಊರಿನಲ್ಲಿ ಇದು ಪಾಠವೂ ಅಲ್ಲ, ರಕ್ಷಣೆಯೂ ಅಲ್ಲ. ಮಗು ಹೋಗಿಯೇ ಹೋಗುತ್ತದೆ. ಮನೆಯವರಿಗೆ ಹೇಳದೆ ಹೋಗುತ್ತದೆ, ಅಷ್ಟೇ.

ಮರುಭೂಮಿಯಲ್ಲಿ ಈಜು

ನಮ್ಮ ಪ್ರವಾದಿ(ಸ)ಯವರು ಹುಟ್ಟಿದ್ದು ಹೊಳೆಯಿಲ್ಲದ, ಕೆರೆಯಿಲ್ಲದ ಮಕ್ಕಾದಲ್ಲಿ. ಆರು ವರ್ಷದ ಮಗುವಾಗಿದ್ದಾಗ ತಾಯಿ ಆಮಿನಾರೊಂದಿಗೆ ಅವರು ಯಸ್ರಿಬ್‌ಗೆ ಹೋಗಿದ್ದರು. ಅಲ್ಲಿ ಬನೂ ನಜ್ಜಾರ್ ಗೋತ್ರದ ಬಂಧುಗಳ ನೀರಿನ ಕೊಳದಲ್ಲಿ ತಾವು ಈಜು ಕಲಿತುದನ್ನು ಹಿಜ್‌ರತ್‌ನ ಬಳಿಕ ಆ ಸ್ಥಳವನ್ನು ನೋಡಿದಾಗ ಅವರು ನೆನಪಿಸಿಕೊಂಡರೆಂದು ಇಬ್ನ್ ಸಅದ್ ದಾಖಲಿಸಿದ್ದಾರೆ. ವಿನೋದಗಳ ಪೈಕಿ ವ್ಯರ್ಥವೆನಿಸದ ನಾಲ್ಕನ್ನು ಹೆಸರಿಸುವ ಹದೀಸ್‌ನಲ್ಲಿ ಈಜು ಕಲಿಯುವುದೂ ಒಂದು. ಹ. ಉಮರ್(ರ)ರು ತಮ್ಮ ಸೇನಾನಿ ಅಬೂ ಉಬೈದಾ(ರ)ರಿಗೆ ಪತ್ರ ಬರೆದು, ಮಕ್ಕಳಿಗೆ ಈಜು ಕಲಿಸುವಂತೆ ಆದೇಶಿಸಿದ್ದು ಮುಸ್ನದ್ ಅಹ್ಮದ್‌ನಲ್ಲಿದೆ.

ಇವೆಲ್ಲ ನಮಗೆ ಗೊತ್ತಿಲ್ಲವೆಂದಲ್ಲ. ಮೀಲಾದ್ ಭಾಷಣಗಳಲ್ಲಿ ಇವನ್ನು ಕೇಳಿದ್ದೇವೆ, ತಲೆದೂಗಿದ್ದೇವೆ. ಆದರೆ ಮರುಭೂಮಿಯ ಸಮಾಜವು ಮಕ್ಕಳಿಗೆ ಈಜು ಕಲಿಸಬೇಕೆಂದು ಯೋಚಿಸಿದಾಗ, ಕಡಲ ದಂಡೆಯ ಸಮಾಜ ಅದನ್ನು ಮರೆತದ್ದೇಕೆಂದು ನಾವು ಕೇಳಿಕೊಳ್ಳಲಿಲ್ಲ. ನಮ್ಮ ಪೂರ್ವಜರು ಈ ಕಡಲ ಮೇಲೆ ವ್ಯಾಪಾರ ಮಾಡಿದವರು. ಗಂಗೊಳ್ಳಿಯಲ್ಲಿ, ಭಟ್ಕಳದಲ್ಲಿ ಇಂದಿಗೂ ಮೀನುಗಾರಿಕೆಯನ್ನು ನಂಬಿದ ಮುಸ್ಲಿಮ್ ಕುಟುಂಬಗಳಿವೆ. ಆದರೆ ಪೇಟೆ ಸೇರಿದ ನಾವು, ಕೊಲ್ಲಿಗೆ ಹೋಗಿ ಬಂದ ನಾವು, ಮನೆ ಕಟ್ಟಿದೆವು, ಮದುವೆ ಹಾಲ್ ಕಟ್ಟಿದೆವು; ನೀರಿನೊಂದಿಗಿನ ನಂಟನ್ನು ಕಳೆದುಕೊಂಡೆವು. ಅಜ್ಜ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿ ಕಟ್ಟಿ, ಅದರ ಆಸರೆಯಲ್ಲಿ ತೋಟದ ಕೆರೆಯಲ್ಲಿ ಈಜು ಕಲಿತಿದ್ದರು. ಮೊಮ್ಮಗನಿಗೆ ಈಜೆಂದರೆ ಮೊಬೈಲಿನಲ್ಲಿ ನೋಡುವ ದೃಶ್ಯ.

ವಿಧಿಯ ಮರೆಯಲ್ಲಿ

‘ಆಯುಷ್ಯ ಮುಗಿದಿತ್ತು, ಹೋದ’ ಎಂಬ ಮಾತಿನಲ್ಲಿ ದುಃಖಿತರಿಗೆ ಸಾಂತ್ವನವಿದೆ. ಅದನ್ನು ನಾವು ಕಿತ್ತುಕೊಳ್ಳಬಯಸುವುದಿಲ್ಲ. ವಿಧಿಯಲ್ಲಿ ವಿಶ್ವಾಸವು ಈಮಾನಿನ ಭಾಗ. ಆದರೆ ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂಬರ್ಥದ ಉತ್ತರ ಸಿಕ್ಕಿದ್ದು ಇದೇ ಧರ್ಮದಲ್ಲಿ. ಹುತಾತ್ಮನ ಪ್ರತಿಫಲವು ಮುಳುಗಿದವನಿಗೆ ಅಲ್ಲಾಹನು ನೀಡಿದ ಗೌರವ. ಅದು ದಡದಲ್ಲಿ ನಿಂತವನಿಗೆ ನೀಡಿದ ವಿನಾಯಿತಿ ಪತ್ರವಲ್ಲ. ಹೊಟ್ಟೆಯ ಕಾಯಿಲೆಯಿಂದ, ಪ್ಲೇಗಿನಿಂದ ಸತ್ತವರಿಗೂ ಹದೀಸ್‌ನಲ್ಲಿ ಅದೇ ಸ್ಥಾನವಿದೆ. ಹಾಗೆಂದು ನಾವು ಆಸ್ಪತ್ರೆಗಳನ್ನು ಮುಚ್ಚಿದ್ದೇವೆಯೇ? ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವುದನ್ನು ಬಿಟ್ಟಿದ್ದೇವೆಯೇ?

ನಾವು ಮದ್ರಸದಲ್ಲಿ ಕಲಿತವರು. ಕರಾವಳಿಯ ಬಹುತೇಕ ಮದ್ರಸಗಳಲ್ಲಿ ಓದುವ ಶಾಫಿಈ ಫಿಕ್ಹ್‌ನ ಕಿತಾಬುಗಳು ಶುದ್ಧಿಯ ಅಧ್ಯಾಯದಿಂದ, ಅಂದರೆ ನೀರಿನಿಂದಲೇ ಆರಂಭವಾಗುತ್ತವೆ. ಎರಡು ಖುಲ್ಲತ್ ನೀರು ಎಂದರೆ ಎಷ್ಟು, ಯಾವ ನೀರು ವುಝೂಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಹತ್ತು ವರ್ಷದ ಮಗು ಪಟಪಟನೆ ಹೇಳುತ್ತದೆ. ಅದೇ ಮಗು ಎರಡು ಖುಲ್ಲತ್ತಿಗಿಂತ ಸ್ವಲ್ಪ ಹೆಚ್ಚಿನ ನೀರಿಗೆ ಬಿದ್ದರೆ ಮೇಲೆ ಬರಲಾರದು. ನೀರಿನ ಬಗ್ಗೆ ಇಷ್ಟೆಲ್ಲ ಕಲಿಸಿದ ನಾವು ನೀರಿನಲ್ಲಿ ಬದುಕುವುದನ್ನು ಕಲಿಸಲಿಲ್ಲ.

ಅದೇ ಫಿಕ್ಹ್ ಹೇಳುವ ಇನ್ನೊಂದು ಮಾತಿದೆ. ನಮಾಝ್ ಮಾಡುತ್ತಿರುವಾತನಿಗೆ ಎದುರಿನಲ್ಲಿ ಒಬ್ಬ ಮುಳುಗುತ್ತಿರುವುದು ಕಂಡರೆ, ರಕ್ಷಿಸುವ ಸಾಮರ್ಥ್ಯವಿದ್ದಲ್ಲಿ ನಮಾಝ್ ಮುರಿದು ಆತನನ್ನು ರಕ್ಷಿಸಬೇಕು. 13ನೇ ಶತಮಾನದ ಶಾಫಿಈ ವಿದ್ವಾಂಸ, 1262ರಲ್ಲಿ ನಿಧನರಾದ ಇಝ್ಝುದ್ದೀನ್ ಬಿನ್ ಅಬ್ದಿಸ್ಸಲಾಮರು ಇದನ್ನು ಆದ್ಯತೆಗಳ ಚರ್ಚೆಯಲ್ಲಿ ಸ್ಪಷ್ಟವಾಗಿ ವಿವರಿಸಿದ್ದಾರೆ. ನಮಾಝನ್ನು ಬಳಿಕ ಪೂರೈಸಬಹುದು, ಹೋದ ಜೀವವನ್ನು ಮರಳಿ ತರಲಾಗದು. ಉಪವಾಸ ಮುರಿಯದೆ ರಕ್ಷಿಸಲು ಸಾಧ್ಯವಿಲ್ಲದಿದ್ದರೆ ರಮಝಾನಿನ ಉಪವಾಸವನ್ನೂ ಮುರಿಯಬೇಕು. ನಮಾಝ್‌ಗಿಂತಲೂ ಮುಂದೆ ನಿಲ್ಲಿಸಲಾದ ಈ ಕರ್ತವ್ಯವನ್ನು ನಮ್ಮ ಎಷ್ಟು ಜಮಾಅತ್‌ಗಳಲ್ಲಿ ನಿರ್ವಹಿಸಬಲ್ಲವರಿದ್ದಾರೆ?

ಈಜು ಬಾರದವನ ಮೇಲೆ ನೀರಿಗೆ ಹಾರುವ ಹೊಣೆಯಿಲ್ಲ, ನಿಜ. ಆದರೆ ಇಡೀ ಊರಿನಲ್ಲಿ ಈಜು ಬಲ್ಲವರೇ ಇಲ್ಲದಂತೆ ಮಾಡಿಕೊಂಡು, ಎಲ್ಲರೂ ‘ನನಗೆ ಸಾಮರ್ಥ್ಯವಿಲ್ಲ’ ಎಂದು ಬಿಡುಗಡೆ ಪಡೆಯಬಹುದೇ? ಜನಾಝ ನಮಾಝ್ ಫರ್ಝ್ ಕಿಫಾಯ: ಕೆಲವರು ನಿರ್ವಹಿಸಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ತಪ್ಪಿತಸ್ಥರು. ನೀರಿನ ನಡುವೆ ಬದುಕುವ ಊರಿನಲ್ಲಿ ಜೀವ ರಕ್ಷಿಸಬಲ್ಲವರನ್ನು ತಯಾರು ಮಾಡುವುದೂ ಹಾಗೆಯೇ ಎಂದು ನಾವು ನಂಬುತ್ತೇವೆ. ಮೊದಲನೆಯದನ್ನು ಒಂದು ದಿನವೂ ತಪ್ಪಿಸದ ನಾವು ಎರಡನೆಯದನ್ನು ಸಂಪೂರ್ಣವಾಗಿ ಮೊಗವೀರ ಸಹೋದರರ ಹೆಗಲಿಗೆ ವರ್ಗಾಯಿಸಿಬಿಟ್ಟಿದ್ದೇವೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಉಕ್ಕಿ ಹರಿಯುವ ಗಂಗಾವಳಿಗೆ ಧುಮುಕಿ ಹುಡುಕಿದವರಲ್ಲಿ ಮಲ್ಪೆಯ ಈಶ್ವರ್ ಪ್ರಮುಖರು. ಧರ್ಮ ಕೇಳದೆ ಯಾರದ್ದೋ ಮಗನಿಗಾಗಿ ನೀರಿಗಿಳಿಯುವ ಇಂಥವರಿಗೆ ನಾವು ಶಾಲು ಹೊದೆಸುತ್ತೇವೆ. ಅವರ ವಿದ್ಯೆಯನ್ನು ಮಾತ್ರ ಕೇಳಿ ಕಲಿಯುವುದಿಲ್ಲ.

‘ಈಜು ಬಲ್ಲವರೇ ಸಾಯುವುದು’

ಮಕ್ಕಳಿಗೆ ಈಜು ಕಲಿಸಿ ಎಂದರೆ ಥಟ್ಟನೆ ಬರುವ ಉತ್ತರ ಇದು. ಈಜು ಬಾರದವನು ನೀರಿಗಿಳಿಯುವುದಿಲ್ಲ, ಬಲ್ಲವನು ಧೈರ್ಯ ಮಾಡಿ ಇಳಿದು ಸಾಯುತ್ತಾನೆ ಎಂಬುದು ವಾದ. ಇದರ ಮೊದಲರ್ಧ ಸುಳ್ಳು. 2024ರ ಏಪ್ರಿಲ್ 21ರಂದು ದಾಂಡೇಲಿ ಸಮೀಪದ ಅಕೋಡಾದಲ್ಲಿ ಕಾಳಿ ನದಿಯ ದಂಡೆಗೆ ವಿಹಾರಕ್ಕೆ ಬಂದಿದ್ದ ಹುಬ್ಬಳ್ಳಿಯ ಒಂದೇ ಮುಸ್ಲಿಮ್ ಕುಟುಂಬದ ಆರು ಮಂದಿ ನೀರುಪಾಲಾದರು. ನೀರಿಗೆ ಬಿದ್ದ ಮಗುವನ್ನು ರಕ್ಷಿಸಲು ಒಬ್ಬರ ಹಿಂದೆ ಒಬ್ಬರು ಇಳಿದರು. ಅವರನ್ನು ನೀರಿಗೆ ಇಳಿಸಿದ್ದು ಈಜಿನ ಧೈರ್ಯವಲ್ಲ, ವಾತ್ಸಲ್ಯ. ಮಗು ಮುಳುಗುತ್ತಿರುವಾಗ ತನಗೆ ಈಜು ಬರುತ್ತದೆಯೇ ಎಂದು ಯಾವ ತಾಯಿಯೂ ಯೋಚಿಸುವುದಿಲ್ಲ. ಆದ್ದರಿಂದ ಈಜು ಬಾರದವರು ನೀರಿಗಿಳಿಯುವುದಿಲ್ಲ ಎಂಬ ಭರವಸೆಯ ಮೇಲೆ ಮನೆಯನ್ನು ನಡೆಸಲಾಗದು.

ವಾದದ ಉತ್ತರಾರ್ಧದಲ್ಲಿ ಮಾತ್ರ ಸತ್ಯಾಂಶವಿದೆ. ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಟೈಲ್ಸ್ ಹಾಸಿದ ಈಜುಕೊಳದಲ್ಲಿ ಹತ್ತು ಸುತ್ತು ಹೊಡೆದವನು ಹೊಳೆಯಲ್ಲಿ ಈಜಬಲ್ಲೆನೆಂದು ಭಾವಿಸಿದರೆ ಅದು ಆತ್ಮವಿಶ್ವಾಸವಲ್ಲ, ಅಜ್ಞಾನ. ಕೊಳದಲ್ಲಿ ತಳ ಕಾಣುತ್ತದೆ, ಕೈಗೆ ಅಂಚು ಸಿಗುತ್ತದೆ, ನೀರು ನಿಂತಿರುತ್ತದೆ. ಹೊಳೆಯಲ್ಲಿ ಮೊಣಕಾಲು ಮಟ್ಟದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಕಯ ಇರುತ್ತದೆ. ಕಿಂಡಿ ಅಣೆಕಟ್ಟಿನ ಕೆಳಗೆ ಬೀಳುವ ನೀರು ಸಿಕ್ಕಿದ್ದನ್ನು ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಕೋರೆಯ ಗೋಡೆ ಕಡಿದಾಗಿರುವುದರಿಂದ, ಈಜಿ ದಡ ಮುಟ್ಟಿದವನಿಗೂ ಮೇಲೆ ಹತ್ತಲು ಹಿಡಿಕೆ ಸಿಗುವುದಿಲ್ಲ. ಅಳಿವೆಯಲ್ಲಿ ಇಳಿತದ ವೇಳೆ ಹೊಳೆಯ ನೀರೂ ಕಡಲ ನೀರೂ ಒಟ್ಟಾಗಿ ಹೊರಗೆ ನುಗ್ಗುತ್ತವೆ. ಇನ್ನು ಕಡಲ ತೀರದಲ್ಲಿ, ಎರಡೂ ಬದಿಯಲ್ಲಿ ತೆರೆ ಒಡೆಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಓಣಿಯೊಂದಿರುತ್ತದೆ. ಹೊರಗಿನಿಂದ ಬಂದವರು ‘ಇಲ್ಲಿ ತೆರೆಯಿಲ್ಲ’ ಎಂದು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗುವ ಸೆಳೆತದ ದಾರಿ ಅದು.

ಆದ್ದರಿಂದ ಕಲಿಸಬೇಕಾದದ್ದು ಕೈಕಾಲು ಬಡಿಯುವುದನ್ನಷ್ಟೇ ಅಲ್ಲ, ತೆರೆದ ನೀರನ್ನು ಓದುವುದನ್ನು. ಇದಕ್ಕೊಂದು ಕ್ರಮವಿದೆ. ಮೊದಲು ಸೊಂಟದ ಮಟ್ಟದ ನಿಂತ ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಬಿಡಲು ಕಲಿಯಬೇಕು. ಭಯ ಇಳಿಯುವುದು ಇಲ್ಲಿಯೇ. ಬಳಿಕ ಅಂಗಾತ ತೇಲುವುದು. ಕಿವಿ ನೀರಿನೊಳಗೆ, ಮುಖ ಆಕಾಶದ ಕಡೆಗೆ, ಎದೆ ತುಂಬ ಉಸಿರು: ಇಷ್ಟನ್ನು ಬಲ್ಲವನು ದಣಿದರೂ ಮುಳುಗುವುದಿಲ್ಲ. ಆಮೇಲೆ ದಡಕ್ಕೆ ಸಮಾನಾಂತರವಾಗಿ, ಕಾಲಿಗೆ ನೆಲ ಸಿಗುವ ಕಡೆ, 25 ಮೀಟರ್ ಈಜು. ನಂತರ ಆಳದ ನೀರಿನಲ್ಲಿ, ಜೊತೆಗೊಬ್ಬರು ಟ್ಯೂಬ್ ಹಿಡಿದು ಬರುವಂತೆ. ಆ ಮೇಲೆ ಹಾಕಿದ ಬಟ್ಟೆಯಲ್ಲೇ ಈಜುವುದು, ಏಕೆಂದರೆ ಆಕಸ್ಮಿಕವಾಗಿ ನೀರಿಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲ. ಕೊನೆಗೆ ಹರಿಯುವ ನೀರು: ಕೆಲವು ಕೈ ಬೀಸಿಗೊಮ್ಮೆ ತಲೆಯೆತ್ತಿ ದಡದ ತೆಂಗಿನ ಮರವನ್ನೋ ದೀಪಸ್ತಂಭವನ್ನೋ ಗುರುತಿಟ್ಟು ದಿಕ್ಕು ಸರಿಪಡಿಸಿಕೊಳ್ಳುವುದು, ಸೆಳೆತಕ್ಕೆ ಸಿಕ್ಕರೆ ಅದಕ್ಕೆದುರಾಗಿ ಹೋರಾಡದೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಹೊರಬಂದು ಬಳಿಕ ದಡ ಸೇರುವುದು, ಬಳಲಿದರೆ ತೇಲಿ ಕೈಯೆತ್ತುವುದು. ಒಂದು ಹಂತ ಸರಾಗವಾಗದೆ ಮುಂದಿನದಕ್ಕೆ ಕಾಲಿಡಬಾರದು. ಎಷ್ಟೇ ಬಲ್ಲವನಾದರೂ ಒಂಟಿಯಾಗಿ ಇಳಿಯಬಾರದು. ಹೀಗೆ ಬಂದ ಧೈರ್ಯವು ‘ಇಂದು ಬೇಡ, ನೀರು ಸರಿಯಿಲ್ಲ’ ಎಂದು ಹಿಂದೆ ಸರಿಯುವುದನ್ನೂ ಕಲಿಸುತ್ತದೆ. ಗೆಳೆಯರ ಚಪ್ಪಾಳೆಗೆ ಹಾರುವವನಲ್ಲಿ ಇಲ್ಲದಿರುವುದು ಇದೇ.

ಮುಳುಗುವವನು ಸಿನಿಮಾದಲ್ಲಿರುವಂತೆ ಕೂಗುವುದಿಲ್ಲ ಎಂಬುದೂ ಈ ಪಾಠದ ಭಾಗ. ಬಾಯಿ ನೀರಿನ ಮಟ್ಟದಲ್ಲಿರುವವನಿಗೆ ಕೂಗಲು ಉಸಿರಿರುವುದಿಲ್ಲ. ಆತ ಸದ್ದಿಲ್ಲದೆ ಹೋಗುತ್ತಾನೆ. ರಕ್ಷಿಸಲು ಹೊರಟವನು ಮೊದಲು ಕೋಲು ಚಾಚಬೇಕು, ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು. ತರಬೇತಿಯಿಲ್ಲದವನು ನೀರಿಗಿಳಿಯುವುದೆಂದರೆ ಇನ್ನೊಂದು ಜನಾಝಕ್ಕೆ ದಾರಿ ಮಾಡಿದಂತೆ. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗುವುದು ನಮ್ಮೂರುಗಳಲ್ಲಿ ಇನ್ನೂ ಇದೆ. ಅದರಿಂದ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ಉಸಿರಿಲ್ಲದವರಿಗೆ ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯನ್ನು ಒತ್ತಬೇಕು. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಹೆಣ್ಣುಮಕ್ಕಳು ಮುಳುಗುವುದಿಲ್ಲವೇ?

ಇಲ್ಲಿಯವರೆಗೆ ಒಪ್ಪಿದ ಹಲವರು ಹೆಣ್ಣುಮಕ್ಕಳ ವಿಷಯ ಬಂದಾಗ ಮೌನವಾಗುತ್ತಾರೆ. ನೀರಿಗೆ ಲಿಂಗಭೇದವಿಲ್ಲ. ಹೊಳೆಯ ಬದಿಯಲ್ಲಿ ಬಟ್ಟೆ ಒಗೆಯುವವರು, ಬಾವಿಯಿಂದ ನೀರು ಸೇದುವವರು, ಎಳೆಯ ಮಕ್ಕಳನ್ನು ಕಾಯುವವರು ಹೆಚ್ಚಾಗಿ ಮಹಿಳೆಯರೇ. ಉಮ್ಮು ಹರಾಮ್(ರ)ರು ಸಮುದ್ರಯಾನದ ದಂಡಿನಲ್ಲಿ ತಾನೂ ಇರುವಂತೆ ಪ್ರಾರ್ಥಿಸಲು ಪ್ರವಾದಿ(ಸ)ಯವರನ್ನು ಕೋರಿ, ಬಳಿಕ ಸೈಪ್ರಸ್‌ವರೆಗೆ ಹಡಗಿನಲ್ಲಿ ಹೋದವರು. ಅವರ ಸಮಾಧಿ ಇಂದಿಗೂ ಅಲ್ಲಿದೆ. ಅಂತಹ ಪರಂಪರೆಯ ಹೆಣ್ಣುಮಕ್ಕಳನ್ನು ನಾವು ಮೊಣಕಾಲು ನೀರಿಗೂ ಅಂಜುವಂತೆ ಬೆಳೆಸಿದ್ದೇವೆ.

ಲಜ್ಜೆಯ ಪ್ರಶ್ನೆ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರಗಳೂ ಇವೆ. ಆಸ್ಟ್ರೇಲಿಯದಲ್ಲಿ ಲೆಬನಾನ್ ಮೂಲದ ಅಹೇದಾ ಝನೆಟ್ಟಿ 2004ರಲ್ಲಿ ಮೈಮುಚ್ಚುವ ಈಜುಡುಗೆಯನ್ನು ರೂಪಿಸಿದರು. 2005ರ ಡಿಸೆಂಬರ್‌ನಲ್ಲಿ ಸಿಡ್ನಿಯ ಕ್ರೊನುಲ್ಲಾ ಕಡಲತೀರದಲ್ಲಿ ಅರಬ್ ಮೂಲದವರ ವಿರುದ್ಧ ಗಲಭೆ ನಡೆಯಿತು. ಅದರ ಬಳಿಕ ಅಲ್ಲಿನ ಕಡಲರಕ್ಷಕ ಸಂಸ್ಥೆಯು ಮುಸ್ಲಿಮ್ ಯುವಜನರನ್ನು ಕರೆದು ತರಬೇತಿ ನೀಡಿತು. 2007ರಲ್ಲಿ ಮುಸ್ಲಿಮ್ ಯುವತಿಯೊಬ್ಬಳು ಅದೇ ಉಡುಗೆಯಲ್ಲಿ, ಅದೇ ತೀರದಲ್ಲಿ ಜೀವರಕ್ಷಕಿಯಾಗಿ ನಿಂತಳು. ಅಪಮಾನಕ್ಕೆ ಇದಕ್ಕಿಂತ ಘನವಾದ ಉತ್ತರ ನಮಗೆ ಗೊತ್ತಿಲ್ಲ. 2015ರಲ್ಲಿ ಸಿರಿಯಾದ ಯುಸ್ರಾ ಮರ್ದಿನಿ ಮತ್ತು ಅವಳ ಅಕ್ಕ ನಿರಾಶ್ರಿತರನ್ನು ತುಂಬಿಕೊಂಡಿದ್ದ ದೋಣಿಯ ಎಂಜಿನ್ ಏಜಿಯನ್ ಸಮುದ್ರದ ನಡುವೆ ನಿಂತಾಗ, ನೀರಿಗಿಳಿದು ಗಂಟೆಗಟ್ಟಲೆ ಈಜುತ್ತ ದೋಣಿಯನ್ನು ದಡದತ್ತ ಸಾಗಿಸಿದರು. ಹೆಣ್ಣುಮಕ್ಕಳಿಗೆ ಈಜು ಕಲಿಸಿದ್ದ ಒಬ್ಬ ತಂದೆಯಿಂದಾಗಿ ಒಂದು ದೋಣಿಯ ಜನ ಉಳಿದರು.

ಇದಕ್ಕೆ ತದ್ವಿರುದ್ಧವಾದ ಎರಡು ದೃಶ್ಯಗಳೂ ನಮ್ಮ ಮುಂದಿವೆ. 2016ರಲ್ಲಿ ಫ್ರಾನ್ಸಿನ ಹಲವು ಪಟ್ಟಣಗಳು ಆ ಈಜುಡುಗೆಯನ್ನೇ ತೀರದಲ್ಲಿ ನಿಷೇಧಿಸಿದವು. ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು ಅಂತಹ ಒಂದು ನಿಷೇಧವನ್ನು ತಡೆಹಿಡಿಯಬೇಕಾಯಿತು. ಇತ್ತ ಸ್ವಿಟ್ಝರ್ಲೆಂಡಿನ ಮುಸ್ಲಿಮ್ ದಂಪತಿ, ಮೈಮುಚ್ಚುವ ಈಜುಡುಗೆಗೆ ಅವಕಾಶವಿದ್ದರೂ ಎಳೆಯ ಹೆಣ್ಣುಮಕ್ಕಳನ್ನು ಶಾಲೆಯ ಈಜು ತರಗತಿಗೆ ಕಳುಹಿಸಲೊಪ್ಪದೆ ದಂಡ ತೆತ್ತರು. ಪ್ರಕರಣ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋಗಿ 2017ರಲ್ಲಿ ಸೋತಿತು. ಬಟ್ಟೆ ಬಿಚ್ಚಿದರೆ ಮಾತ್ರ ನೀರು ಎನ್ನುವವರು ಒಂದು ಕಡೆ, ಬಟ್ಟೆಯಿದ್ದರೂ ನೀರು ಬೇಡ ಎನ್ನುವವರು ಇನ್ನೊಂದು ಕಡೆ. ಇಬ್ಬರ ನಡುವೆ ಹುಡುಗಿ ಈಜು ಕಲಿಯಲಿಲ್ಲ. ಉಡುಪಿ ಜಿಲ್ಲೆಯವರಿಗೆ ಈ ಕಥೆ ಅಪರಿಚಿತವೇನಲ್ಲ. 2021ರ ಕೊನೆಯಲ್ಲಿ ನಮ್ಮದೇ ನಗರದ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಆರಂಭವಾದ ಹಿಜಾಬ್ ವಿವಾದದಲ್ಲಿ ತರಗತಿ ಕಳೆದುಕೊಂಡವರು ಯಾರೆಂಬುದನ್ನು ನಾವು ಕಂಡಿದ್ದೇವೆ. ಹೆಣ್ಣುಮಗಳ ಉಡುಗೆಯನ್ನು ಬಾಗಿಲ ಬೀಗವನ್ನಾಗಿ ಮಾಡುವುದನ್ನು ಪ್ರಭುತ್ವದ ವಿಷಯದಲ್ಲಿ ಪ್ರತಿಭಟಿಸುವ ನಾವು, ಅದೇ ಬೀಗವನ್ನು ಮನೆಯಲ್ಲಿ ಹಾಕುವುದು ನ್ಯಾಯವೇ?

ಫಲಕ ನೆಡುವ ಸರಕಾರ

ಸರಕಾರವನ್ನು ಬಿಟ್ಟುಬಿಡುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೈಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಅಸುನೀಗಿದರು. ಅದಕ್ಕೆ ಕೆಲವೇ ವಾರಗಳ ಮೊದಲು, ನವೆಂಬರ್‌ನಲ್ಲಿ, ಉಳ್ಳಾಲ ಸಮೀಪದ ರೆಸಾರ್ಟೊಂದರ ಈಜುಕೊಳದಲ್ಲೇ ಮೈಸೂರಿನ ಮೂವರು ಯುವತಿಯರು ಮುಳುಗಿದ್ದರು. ಪ್ರತಿ ದುರಂತದ ಬಳಿಕ ನಡೆಯುವುದು ಒಂದೇ: ಕೆಲವರ ಅಮಾನತು, ತೀರಕ್ಕೆ ಕೆಲವು ದಿನಗಳ ನಿರ್ಬಂಧ, ಇನ್ನೊಂದು ಎಚ್ಚರಿಕೆ ಫಲಕ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಹೀಗಿರುವಾಗ ಕರಾವಳಿಯ ಸರಕಾರಿ ಶಾಲೆಗಳ ಪಾಠಪಟ್ಟಿಯಲ್ಲಿ ಈಜು ಏಕೆ ಕಡ್ಡಾಯವಲ್ಲ? ಕೋರೆಗಳ ಗುತ್ತಿಗೆದಾರರು ಗುಂಡಿ ಮುಚ್ಚದೆ, ಬೇಲಿ ಹಾಕದೆ ಹೋದಾಗ ಕೇಳುವವರಾರು? ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಜೀವರಕ್ಷಕರು, ಗುರುತು ಹಾಕಿದ ಈಜಿನ ಜಾಗ ಆ ಮಾನ್ಯತೆಯ ನಿಯಮಗಳಲ್ಲಿವೆ. ಪ್ರವಾಸಿಗರ ಕಣ್ಣಿಗೆ ಬೇಕಾದ ಸುರಕ್ಷತೆಯು ಸ್ಥಳೀಯರು ದಿನವೂ ಇಳಿಯುವ ಹೊಳೆಯ ಕಯಗಳಿಗೆ ಏಕಿಲ್ಲ?

ಇನ್ನೊಂದು ಭಯವೂ ಇದೆ. 2023ರ ಜೂನ್‌ನಲ್ಲಿ ಉಳ್ಳಾಲದ ಸೋಮೇಶ್ವರ ತೀರದಲ್ಲಿ ಗೆಳತಿಯರೊಂದಿಗೆ ಕುಳಿತಿದ್ದ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಯನ್ನು ಯಾವ ತಂದೆಯೂ ಮರೆತಿಲ್ಲ. ತೆರೆದ ನೀರಿಗಿಂತ ಮೊದಲು ತೆರೆದ ತೀರ ಬೇಕು. ಯಾರ ಮಕ್ಕಳೂ ಅಂಜದೆ ಕಡಲ ಬದಿಗೆ ಬರುವಂತೆ ನೋಡಿಕೊಳ್ಳುವುದು ಪೊಲೀಸ್ ಇಲಾಖೆಯ ಕೆಲಸ.

ಆದರೆ ಸರಕಾರಕ್ಕೆ ಕಾಯುತ್ತ ಕೂರಲು ಮುಂದಿನ ಮಳೆಗಾಲ ನಮ್ಮನ್ನು ಕಾಯುವುದಿಲ್ಲ. ಬಾಂಗ್ಲಾದೇಶ ನಮಗಿಂತ ಬಡ ದೇಶ, ನಮಗಿಂತ ಹೆಚ್ಚು ನೀರಿರುವ ದೇಶ. ಅಲ್ಲಿನ ಹಳ್ಳಿಗಳಲ್ಲಿ ಈಜುಕೊಳ ಕಟ್ಟಿಸಲಿಲ್ಲ. ಊರ ಕೆರೆಯಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ಊರಿನವರಿಗೇ ತರಬೇತಿ ಕೊಟ್ಟು, ಗಂಡುಹೆಣ್ಣೆನ್ನದೆ ಮಕ್ಕಳಿಗೆ ಕಲಿಸಿದರು. 25 ಮೀಟರ್ ಈಜುವುದು, ಅರ್ಧ ನಿಮಿಷ ತೇಲುವುದು, ನೀರಿಗಿಳಿಯದೆ ಇನ್ನೊಬ್ಬರನ್ನು ರಕ್ಷಿಸುವುದು ಇಷ್ಟೇ ಪಾಠ. 2021ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗು ಸಾವು ತಡೆಯ ದಿನವೆಂದು ಘೋಷಿಸಿದಾಗ ಆ ನಿರ್ಣಯದ ಮುಂಚೂಣಿಯಲ್ಲಿದ್ದದ್ದು ಐರ್ಲೆಂಡ್‌ನೊಂದಿಗೆ ಇದೇ ಮುಸ್ಲಿಮ್ ಬಹುಸಂಖ್ಯಾತ ದೇಶ. ಬಿದಿರು ನಮ್ಮಲ್ಲೂ ಇದೆ, ಕೆರೆಯೂ ಇದೆ.

ನಿಟ್ಟೆ, ಬೆಳ್ಮಣ್, ಕಾರ್ಕಳ, ಕಾಪು ಪರಿಸರದ ಜಮಾಅತ್‌ಗಳ ಮುಂದೆ ನಾವು ಇಡುವ ಬೇಡಿಕೆ ದೊಡ್ಡದಲ್ಲ. ಬೇಸಿಗೆ ರಜೆಯಲ್ಲಿ, ನೀರು ತಗ್ಗಿದ ಕಾಲದಲ್ಲಿ, 6 ವರ್ಷ ದಾಟಿದ ಮಕ್ಕಳಿಗೆ ಈಜು ಶಿಬಿರ ನಡೆಯಲಿ. ಹುಡುಗಿಯರಿಗೆ ಬೇಲಿಯೊಳಗಿನ ತೋಟದ ಕೆರೆಯಲ್ಲಿ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಇರಲಿ. ಮಹಿಳಾ ತರಬೇತುದಾರರಿಲ್ಲ ಎಂದಾದರೆ ಮೊದಲ ವರ್ಷ ಅವರನ್ನು ತಯಾರು ಮಾಡುವುದೇ ಶಿಬಿರದ ಕೆಲಸವಾಗಲಿ. ಮೊಗವೀರ ಸಹೋದರರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆಯೋಣ. 2021ರ ಜನವರಿಯಲ್ಲಿ ಮಲ್ಪೆಯ ಪಡುಕೆರೆಯಲ್ಲಿ, 65ರ ಹರೆಯದಲ್ಲಿ, ಕಾಲಿಗೆ ಸರಪಳಿ ಬಿಗಿದು ಪದ್ಮಾಸನದಲ್ಲಿ 1.4 ಕಿಲೋಮೀಟರ್ ಈಜಿದ ಗಂಗಾಧರ ಕಡೆಕಾರ್ ಅವರಂತಹವರು ನಮ್ಮ ಜಿಲ್ಲೆಯವರು. ಕಲಿಯಲು ದೂರ ಹೋಗಬೇಕಾಗಿಲ್ಲ. ನೀರಿನ ಬದಿಯ ಪ್ರತಿ ಮಸೀದಿಯಲ್ಲಿ ಒಂದು ಉದ್ದದ ಹಗ್ಗ, ಎರಡು ಟ್ಯೂಬ್, ಒಂದು ಬಿದಿರಿನ ಗಳು ಇರಲಿ; ಮಯ್ಯಿತ್ ಮಂಚವಿರುವ ಕೋಣೆಯಲ್ಲೇ ಅವುಗಳಿಗೂ ಜಾಗ ಸಿಕ್ಕೀತು. ಜೂನ್ ಬರುವ ಮೊದಲಿನ ಒಂದು ಶುಕ್ರವಾರದ ಖುತ್ಬಾ ನೀರಿನ ಬಗ್ಗೆ ಇರಲಿ. ಒಂದು ಮದುವೆಯ ಅಲಂಕಾರದ ಖರ್ಚು ಇವಿಷ್ಟಕ್ಕೆ ಸಾಕಾಗುತ್ತದೆ.

ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬುದು ನಮ್ಮ ಗ್ರಂಥದ ಬೋಧನೆ. ಆ ಬೋಧನೆಯನ್ನು ಗೋಡೆಗೆ ಬರೆದು ಹಾಕಿದ್ದೇವೆ, ಭಾಷಣಗಳಲ್ಲಿ ಅನ್ಯರಿಗೆ ಕೇಳಿಸಿದ್ದೇವೆ. ಮುಂದಿನ ಮಳೆಗಾಲದಲ್ಲಿ ಶಾಂಭವಿಯ ದಡದಿಂದ ಕೂಗು ಕೇಳಿಬಂದರೆ, ಮಗರಿಬ್‌ನ ಮೊದಲ ಸಾಲಿನಿಂದ ನಮಾಝ್ ಮುರಿದು ಹಗ್ಗ ಹಿಡಿದು ಓಡಬಲ್ಲ ಇಬ್ಬರು ಯುವಕರು ನಮ್ಮ ಮಸೀದಿಯಲ್ಲಿರುತ್ತಾರೆಯೇ? ಉತ್ತರವನ್ನು ಈ ಬೇಸಿಗೆಯಲ್ಲೇ ಕೊಡಬೇಕಾಗಿದೆ. ಜನಾಝ ನಮಾಝ್‌ಗೆ ಸಾಲು ನಿಲ್ಲಲು ನಾವು ಎಂದೂ ತಡಮಾಡಿದವರಲ್ಲ. ಒಮ್ಮೆ ನೀರಿನ ದಡಕ್ಕೂ ಸಮಯಕ್ಕೆ ಸರಿಯಾಗಿ ತಲುಪೋಣ.